ಲೆಕ್ಕ ಸರಿಯಿತ್ತು

ಡಬ್ಬಿ ಬೋರಲು ಹಾಕಿದೆ. ಮೇಜಿನ ಮೇಲೆ
ಒಂದೂ ಗುಳಿಗೆ ಉರುಳಲಿಲ್ಲ.
ಮೂವತ್ತು ದಿನ, ಮೂವತ್ತು ಗುಳಿಗೆ,
ಲೆಕ್ಕ ಸರಿಯಿತ್ತು. ಪುಣೆಯಿಂದ ಬಂದ ಕಾಗದದಲ್ಲಿ ಮಾತ್ರ
ಇರಬಾರದಷ್ಟು ಸೊನ್ನೆಗಳಿದ್ದವು.

ನಾನು ಕಾಗದವನ್ನು ನಂಬಿದೆ.

'ಖರೇ ಹೇಳು ಕಸ್ತೂರಬಾಯಿ, ಎಷ್ಟು ಬಿಟ್ಟಿ?
ಮೋರಿಗೆ ಚೆಲ್ಲಿದಿಯೋ, ಜೋಳದ ಡಬ್ಬಿಯಾಗ ಮುಚ್ಚಿಟ್ಟಿಯೋ?'
ಹೀಗೆ ಕೇಳುವುದಕ್ಕೆ ನನಗೆ ಸಂಬಳ.

'ಒಂದೂ ಬಿಟ್ಟಿಲ್ಲರಿ ಬಾಯಾರ.
ರಾತ್ರಿ ಒಂಬತ್ತಕ್ಕ, ಬಾಜೂ ಮನಿ ಟೀವಿಯಾಗ
ಮರಾಠಿ ಸೀರಿಯಲ್ಲು ಸುರು ಆದಕೂಡ್ಲೆ ನುಂಗತೀನಿ.
ಮಕ್ಕೊಂಡ್ರ ಕನಸು.
ಒಂದಿನ ಮಗ್ಗ ನೀರಾಗ ನಡೀತಿತ್ತು,
ಒಂದಿನ ನಮ್ಮವ್ವ ಬಂದು ನನ್ನ ಹಲ್ಲು ಎಣಿಸಿದಳು.'

ಈ ಕನಸು ಬೀಳುವುದು ಗುಳಿಗೆ ನುಂಗಿದವರಿಗೇ.
ಅಷ್ಟಾದರೂ ನನಗೆ ಹೊಳೆಯಬೇಕಿತ್ತು.
ಹಸಿರು ಪುಸ್ತಕದ ಷರಾ ಕಾಲಮ್ಮಿನಲ್ಲಿ
ಕೆಂಪು ಪೆನ್ನಿನಿಂದ ಮರಾಠಿಯಲ್ಲಿ ಬರೆದೆ: ಅನಿಯಮಿತ.
ಕನ್ನಡದಲ್ಲೂ ಅದೇ ಪದ, ಅದೇ ಅರ್ಥ.
ಅವಳಿಗೆ ಎರಡೂ ಲಿಪಿ ಬರುವುದಿಲ್ಲ.

ಅಕ್ಕಲಕೋಟ ರೋಡಿನ ಕಾರಖಾನೆಯಲ್ಲಿ
ಟವೆಲಿನ ಅಂಚು ಹೊಲಿಯುವವಳು,
ಸೇಠನಿಗೆ ತಿಂಗಳಿಗೊಮ್ಮೆ ಹಲ್ಲುನೋವೆಂದು ಸುಳ್ಳು ಹೇಳಿ
ನಾಲ್ಕು ಡಜನ್ನಿನ ಕೂಲಿ ಬಿಟ್ಟು
ಸೋಲಾಪುರದ ಈ ಬೆಂಚಿನ ಮೇಲೆ ಮತ್ತೆ ಮೂರು ಸಲ ಕೂತಳು.
ಸೊನ್ನೆಗಳು ಕಡಿಮೆಯಾಗಲಿಲ್ಲ.

ಹೊಸ ಡಾಕ್ಟರು ಬೇರೆ ಪ್ರಶ್ನೆ ಕೇಳಿದರು:
'ಹೆರಿಗೆ ಎಲ್ಲಾಯಿತು?'

'ಇಲ್ಲೇ ಸಿವಿಲ್ಲಿನಾಗ, ಸಂಕ್ರಮಣದ ಕರಿ ದಿನ.
ಬ್ಯಾನಿ ಜೋರಾದಾಗ ನರ್ಸಬಾಯಿ ಒಂದ ಗುಳಗಿ ಕೊಟ್ಟಳು,
ಕೂಸಿನ ಬಾಯಿಗೂ ಒಂದೀಟು ಔಷಧ ಬಿಟ್ಟಳು.
ನನಗ ಮತ್ತೇನೂ ಇಲ್ಲ. ನಿನ್ನ ರಕ್ತದಾಗ ಇನ್ನೂ ತಾಕತ್ತೈತಿ,
ಕಡಿಮಿ ಆದಮ್ಯಾಗ ಬಾ ಅಂದ್ರು.
ಕಡಿಮಿ ಆಗಲಿಕ್ಕೆ ಎಂಟು ವರ್ಷ ಹತ್ತಿತು.'

ಡಾಕ್ಟರು ಪೆನ್ನು ಕೆಳಗಿಟ್ಟರು.

ಆ ಒಂದು ಗುಳಿಗೆ ಕೂಸನ್ನು ಕಾದಿತ್ತು.
ಕಾದು, ಹೋಗುವಾಗ ತನ್ನ ಮುಖ ತೋರಿಸಿ ಹೋಗಿತ್ತು.
ರಕ್ತದ ಯಾವುದೋ ಮೂಲೆಯಲ್ಲಿ ಕೂತದ್ದು
ಆ ಮುಖ ಗುರುತಿಟ್ಟುಕೊಂಡು ಎಂಟು ವರ್ಷ ಸುಮ್ಮನಿದ್ದು,
ಈಗ ಅದೇ ಮನೆತನದ ಔಷಧ ಬಾಗಿಲಿಗೆ ಬಂದಾಗ
ಹಳೇ ಬೀಗರನ್ನು ಕಂಡಂತೆ ನಕ್ಕು
ಚಾಪೆ ಹಾಸಿ ಕೂರಿಸಿತು.

ಇರಬಹುದು, ಎಂದರು ಡಾಕ್ಟರು.
ತೀರಿಹೋದ ಗಂಡ ಖಾಸಗಿ ದವಾಖಾನೆಯಿಂದ ತಂದು
ರೊಕ್ಕವಿದ್ದಾಗ ನುಂಗಿ ಇಲ್ಲದಾಗ ಬಿಟ್ಟ
ಗುಳಿಗೆಗಳಿಂದಲೂ ಇರಬಹುದು. ಯಾರನ್ನು ಕೇಳುವುದು?
ನೀನಂತೂ ಅಲ್ಲ.

ಅವಳ ಕಸುಬಿನ ಮಾತಿನಲ್ಲೇ ಹೇಳಹೋದೆ ನಾನು:
ಹಾಸಿನಲ್ಲೇ ಎಳೆ ಕೆಟ್ಟಿದ್ದರೆ
ಹೊಕ್ಕು ಹೊಡೆಯುವವನು ಎಷ್ಟು ಜೋಪಾನ ಮಾಡಿ ಏನು...
ಅವಳು ತಡೆದಳು.
'ಹಂಗಿದ್ದರ ಹಾಸು ಹಾಕಿದವನ ಪಗಾರ ಹಿಡೀತಾರರಿ ನಮ್ಮಲ್ಲಿ.
ನೇಯಾವಂದಲ್ಲ.'

ಹೊರಗೆ ಯಾರದೋ ನಂಬರು ಕೂಗಿದರು.

'ಒಂದ ಗುಳಗಿ,' ಅಂದಳು ಆಮೇಲೆ,
ಬಟ್ಟೆ ಒಂದು ಗೇಣು ಕಡಿಮೆ ಬಿತ್ತು ಅನ್ನುವ ದನಿಯಲ್ಲಿ,
'ಇಬ್ಬರಿಗೆ ಸಾಲಲಿಲ್ಲ.'

ಹೊಸ ಡಬ್ಬಿ ಕೊಟ್ಟೆ. ಮುಂಜಾನೆ ಎರಡು, ರಾತ್ರಿ ಎರಡು.
ಇದಕ್ಕೆ ಕನಸು ಬೀಳುವುದಿಲ್ಲ ಎಂದೆ, ಸಮಾಧಾನಕ್ಕೆ.
'ಅವ್ವ ಬರೂದಿಲ್ಲೇನು ಹಂಗಾರ?'

ಏಳಲಿಲ್ಲ. ಹಸಿರು ಪುಸ್ತಕ ತೆರೆದು
ಕೆಂಪಿನ ಮೇಲೆ ಬೆರಳಿಟ್ಟಳು. ಓದಲು ಬಾರದವಳಿಗೆ
ಅದು ಬೈಗುಳವೆಂದು ಯಾರು ಹೇಳಿಕೊಟ್ಟಿದ್ದರು?
'ಇದನ್ನ ಹೊಡದು ಹಾಕ್ರಿ.'

ಹೊಡೆದುಹಾಕಿದೆ. ಪಕ್ಕದಲ್ಲಿ, ನೀಲಿಯಲ್ಲಿ,
ಆ ಕಚೇರಿಯಲ್ಲಿ ನನ್ನ ಹೊರತು ಯಾರೂ ಓದದ ಕನ್ನಡದಲ್ಲಿ ಬರೆದೆ:
ಒಂದೂ ತಪ್ಪಿಸಿಲ್ಲ.

ಏನು ಬರೆದೆಯೆಂದು ಕೇಳಲಿಲ್ಲ.
ಅಕ್ಷರಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ಎಣಿಸಿದಳು. ಆರು.
'ಮೊದಲಿಂದು ಐದಿತ್ತು,' ಅಂದಳು.